ಮೂರನೇ ಗೀಟು

ಸಭಾಂಗಣದ ಬಾಗಿಲಿಗೆ ಅಡ್ಡಲಾಗಿ ಕಟ್ಟಿದ್ದ ಬಟ್ಟೆಯ ಮೇಲೆ ದಪ್ಪ ಅಕ್ಷರಗಳಲ್ಲಿ 'ನಾವೆಲ್ಲ ಅಕ್ಕತಂಗಿಯರು' ಎಂದು ಬರೆದಿತ್ತು. ಬರೆದವಳಿಗೆ ಸ್ವಂತ ತಂಗಿ ಇರಲಿಕ್ಕಿಲ್ಲ ಎಂದುಕೊಂಡು ಒಳಗೆ ಹೋದೆ.

ನನಗೊಬ್ಬಳಿದ್ದಾಳೆ. ನನಗಿಂತ ಆರು ವರ್ಷ ಚಿಕ್ಕವಳು, ಹಾಡುವವಳು. ಯಾವುದೋ ಪತ್ರಿಕೆಯವರು ಅವಳನ್ನು 'ಒಂದುಸಿರಿನ ಗಾಯಕಿ' ಎಂದು ಬರೆದು ಹದಿನೈದು ವರ್ಷವಾಯಿತು. ಈಗ ಜನ ಬರೀ 'ಒಂದುಸಿರು' ಎನ್ನುತ್ತಾರೆ, ಅದೇ ಅವಳ ಹೆಸರು ಅನ್ನುವ ಹಾಗೆ. ನಾನು ಅವಳ ಪಕ್ಕದಲ್ಲಿ ಪಿಟೀಲು ನುಡಿಸುವವಳು. ಪಕ್ಕದಲ್ಲಿ ಎನ್ನುವುದೂ ಪೂರ್ತಿ ಸರಿಯಲ್ಲ. ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ. ಇಪ್ಪತ್ತೆರಡು ವರ್ಷದಿಂದ ಅದೇ ನನ್ನ ಜಾಗ. ಈ ಮಹಿಳಾ ಉತ್ಸವದ ದಿನ ಮಾತ್ರ ನನಗೆ ಸಿಕ್ಕಿದ್ದು ಮೂರನೇ ಸಾಲಿನ ಏಳನೇ ಕುರ್ಚಿ. ಅದರ ಒಂದು ಕಾಲು ಬೇರೆ ಅಲುಗಾಡುತ್ತಿತ್ತು.

ಒಂದುಸಿರಿನ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ತಂಗಿಗೆ ಒಂಬತ್ತು ವರ್ಷವಿದ್ದಾಗ ನ್ಯುಮೋನಿಯಾ ಬಂದು, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಎದೆಯ ಎಡಭಾಗ ಆಮೇಲೆ ಸರಿಯಾಗಲೇ ಇಲ್ಲ. ಎರಡು ಮಹಡಿ ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಅಂಥವಳಿಗೆ ಹೆಸರು ತಂದುಕೊಟ್ಟಿದ್ದು ಹೊಳೆಯ ಮೇಲಿನ ಒಂದು ಹಾಡು. ನಾವು ಮನೆಯಲ್ಲಿ ಅದನ್ನು 'ದೊಡ್ಡ ಹಾಡು' ಎನ್ನುತ್ತೇವೆ. ಮೂರು ಚರಣ, ಹನ್ನೊಂದು ನಿಮಿಷ. ಸಾಲುಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ, ನಡುವೆ ಸೂಜಿ ತೂರಿಸಲೂ ಜಾಗವಿಲ್ಲ. ಗಟ್ಟಿ ಎದೆಯವರಿಗೂ ಕಷ್ಟ. ಅವಳಿಂದ ಸಾಧ್ಯವೇ ಇಲ್ಲ.

ಅದಕ್ಕೇ ನಾನಿದ್ದೆ. ಹಾಡಿನ ನಾಲ್ಕು ಕಡೆ ನಾನು ಅವಳ ಉಸಿರನ್ನು ಮುಚ್ಚುತ್ತೇನೆ. ಅವಳ ದನಿ ಸೋಲುವ ಒಂದು ಎಣಿಕೆ ಮುಂಚೆ ಅದೇ ಸ್ವರವನ್ನು ನನ್ನ ಕಮಾನಿನಲ್ಲಿ ಎತ್ತಿಕೊಳ್ಳುತ್ತೇನೆ, ಎತ್ತಿಕೊಂಡದ್ದೇ ಗೊತ್ತಾಗದ ಹಾಗೆ. ಕಮಾನು ಕೇಳಿದ ಕೂಡಲೇ ಅವಳು ದನಿ ಬಿಡುತ್ತಾಳೆ, ತೆರೆದ ಬಾಯಲ್ಲೇ ಉಸಿರು ತುಂಬಿಕೊಳ್ಳುತ್ತಾಳೆ, ಮತ್ತೆ ಬಂದು ಸೇರಿಕೊಳ್ಳುತ್ತಾಳೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಎದುರಿಗೆ ಕೂತವರು ಇವಳಿಗೆ ಉಸಿರೇ ಬೇಡವೇ ಎಂದು ಮೂಗಿನ ಮೇಲೆ ಬೆರಳಿಡುತ್ತಾರೆ. ಎಲ್ಲಿ ಉಸಿರಾಡಬೇಕು ಎಂದು ತೀರ್ಮಾನ ಮಾಡಿದವಳೂ ನಾನೇ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಭಾನುವಾರ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗೀಟು ಎಳೆದು, "ಕಮಾನು ಬಂದಾಗ ಬಿಡು, ಉಳಿದದ್ದು ನಂಗೆ ಬಿಡು" ಎಂದಿದ್ದೆ. ಆ ಗೀಟುಗಳು ಎಲ್ಲಿವೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಅಂದರೆ ಅವಳ ಹೆಸರಿನಲ್ಲಿ ಅರ್ಧ ನನ್ನದು, ಮತ್ತು ಅದು ಲೋಕಕ್ಕೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಉತ್ಸವದ ಸಂಚಾಲಕಿ ಫೋನ್ ಮಾಡುವವರೆಗೆ ಸಾಕಾಗಿತ್ತು.

ಯಾವಾಗ ನೋಡಿದರೂ ಆಕೆಗೆ ಮೂರು ಕನ್ನಡಕ. ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ, ಇನ್ನೊಂದು ದಾರದಲ್ಲಿ ಎದೆಯ ಮೇಲೆ. "ಅಕ್ಕಾ, ಈ ಸಲ ನಮ್ದೊಂದು ನಿಯಮ ಇದೆ" ಎಂದು ಶುರು ಮಾಡಿದಳು. "ಹೆಸರು ಮಾಡಿರೋ ಪ್ರತಿಯೊಬ್ರೂ ಇದುವರೆಗೆ ವೇದಿಕೆ ಹತ್ತದೇ ಇರೋ ಒಬ್ಬ ಹೆಣ್ಣುಮಗಳನ್ನ ಜೊತೆಗೆ ಕರ್ಕೊಂಡು ಬರ್ಬೇಕು. ಹಳೇ ಜೋಡಿಗಳು ಬೇಡ ಅಂತ. ನಿಮಗೇನೂ ಬೇಜಾರಿಲ್ಲ ತಾನೇ?"

"ಛೆ ಛೆ, ಬೇಜಾರೇನು ಬಂತು" ಎಂದೆ, ಹಲ್ಲು ಕಚ್ಚಿಕೊಂಡು.

"ನಿಮ್ಮನ್ನ ಬಿಟ್ಬಿಡ್ತೀವಾ? ಬೆಳಗ್ಗೆ ಹನ್ನೊಂದಕ್ಕೆ 'ಹಿನ್ನೆಲೆಯ ಹೆಣ್ಣು' ಅಂತ ಚರ್ಚೆ ಇಟ್ಟಿದ್ದೀವಿ. ನೀವು ಮಾತಾಡ್ಲೇಬೇಕು."

ಅವತ್ತೇ ತಂಗಿಯ ಮನೆಗೆ ಹೋದೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿದಳು.

"ನಿಯಮ ಅವರದ್ದು ಅಕ್ಕ, ನಾನೇನು ಮಾಡ್ಲಿ?"

"ಹಾಗಾದ್ರೆ ಹಾಡಲ್ಲ ಅನ್ಬಹುದಿತ್ತು."

"ಒಂದು ದಿನದ ಮಾತು. ಅದಕ್ಕೂ ಮುಖ ಊದಿಸ್ಕೊಂಡ್ರೆ ಹೇಗೆ?"

"ಯಾರನ್ನ ಕರ್ಕೊಂಡು ಹೋಗ್ತಿದ್ದೀಯ?"

ಅವಳು ಅಂಗಿಯ ಕಾಲರನ್ನು ನೇವರಿಸುತ್ತ ಹೇಳಿದಳು. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಹುಡುಗಿಯಂತೆ. ಮಧ್ಯಾಹ್ನ ಕೊಳ ಖಾಲಿಯಿರುವಾಗ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಪಿಟೀಲು ಅಭ್ಯಾಸ ಮಾಡುತ್ತಾಳಂತೆ, ಅಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ ಎಂದು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದರೆ, ತಾನು ಮೂರು ತಿಂಗಳಿಂದ ಅವಳ ಹತ್ತಿರ ಈಜು ಕಲಿಯುತ್ತಿದ್ದೇನೆ, ಎದೆಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ ಎಂದಳು.

ಮೂರು ತಿಂಗಳು! ಅವಳು ಹೊಸ ಚಪ್ಪಲಿ ಕೊಂಡರೂ ಮೊದಲು ನನಗೆ ತೋರಿಸುತ್ತಿದ್ದವಳು. ವೇದಿಕೆಯ ವಿಷಯಕ್ಕಿಂತ ಈ ಈಜಿನ ವಿಷಯವೇ ನನ್ನನ್ನು ಹೆಚ್ಚು ಉರಿಸಿತು. "ಚೆನ್ನಾಗಿ ಮುಳುಗು" ಎಂದು ಹೇಳಿ ಎದ್ದು ಬಂದೆ.

ಉತ್ಸವಕ್ಕೆ ಎರಡು ದಿನ ಮುಂಚೆ ಆ ಹುಡುಗಿ ನನ್ನ ಕೆಲಸದ ಜಾಗಕ್ಕೇ ಬಂದಳು. ನಾನು ವಾದ್ಯ ರಿಪೇರಿ ಅಂಗಡಿಯಲ್ಲಿ ತಂತಿವಾದ್ಯಗಳನ್ನು ನೋಡಿಕೊಳ್ಳುತ್ತೇನೆ. ಮುರಿದ ಕುತ್ತಿಗೆ ಅಂಟಿಸುವುದು, ತಂತಿ ಬಿಗಿಯುವ ಬಿರಟೆ ಕೂರಿಸುವುದು, ಕಮಾನಿಗೆ ಹೊಸ ಕುದುರೆ ಕೂದಲು ಹಾಕುವುದು. ಊಟದ ಹೊತ್ತು, ಯಜಮಾನರು ಒಳಗೆ ಮಲಗಿದ್ದರು. ಹುಡುಗಿಯ ತಲೆಗೂದಲು ಇನ್ನೂ ಒದ್ದೆಯಿತ್ತು, ಕೊಳದ ಕ್ಲೋರಿನ್ ವಾಸನೆ ಅವಳಿಗಿಂತ ಮೊದಲೇ ಒಳಗೆ ಬಂತು. ಒದ್ದೆ ಕೂದಲು ಹೊತ್ತು ಪಿಟೀಲಿನ ಅಂಗಡಿಗೆ ಬರುತ್ತಾರೆಯೇ ಎಂದು ಮೂಗು ಮುರಿದೆ.

"ಅಕ್ಕಾ, ಕಮಾನಿನ ಕೂದಲು ಉದುರ್ತಿದೆ. ಅಕ್ಕ ನಿಮ್ಮ ಹತ್ರಾನೇ ಹೋಗು ಅಂದ್ರು."

"ಯಾವ ಅಕ್ಕ?"

"ಅದೇ... ನಿಮ್ಮ ತಂಗಿ."

ನನ್ನನ್ನು ಅಕ್ಕ ಎನ್ನುವ ಹಕ್ಕು ಈ ಭೂಮಿಯ ಮೇಲೆ ಒಬ್ಬಳಿಗಿತ್ತು, ಅವಳೂ ಈಗ ಯಾರಿಗೋ ಅಕ್ಕನಾಗಿದ್ದಳು. ಕಮಾನನ್ನು ಕಿತ್ತುಕೊಂಡ ಹಾಗೆಯೇ ತೆಗೆದುಕೊಂಡೆ.

ಕೆಲಸದಲ್ಲಿ ಮಾತ್ರ ಮೋಸ ಮಾಡಲಿಲ್ಲ. ಹಳೆಯ ಕೂದಲು ಕತ್ತರಿಸಿ, ಪುಟ್ಟ ಮರದ ಬೆಣೆಗಳನ್ನು ಕಿತ್ತು, ಹೊಸ ಕೂದಲಿನ ಎಳೆಗಳನ್ನು ಆರಿಸಿ, ಬಾಚಿ, ತುದಿ ಬಿಗಿದು, ರಾಳ ಕರಗಿಸಿ ಗಂಟು ಕೂರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಹಾಳು ಮಾಡುವುದಿದ್ದರೆ ಅಲ್ಲೇ ಮಾಡಬಹುದಿತ್ತು, ಒಂದು ಬೆಣೆ ಸಡಿಲ ಬಿಟ್ಟಿದ್ದರೆ ಸಾಕು. ಆದರೆ ಮೂವತ್ತು ವರ್ಷದಿಂದ ಸರಿಯಾಗಿ ಮಾಡಿದ ಕೈ, ಅದಕ್ಕೆ ಬೇರೆ ಥರ ಮಾಡಲು ಬರಲಿಲ್ಲ. ನಾಲಿಗೆಗೆ ಆ ಕಷ್ಟವಿರಲಿಲ್ಲ.

ಹುಡುಗಿ ಚೀಲದಿಂದ ದೊಡ್ಡ ಹಾಡಿನ ಹಾಳೆ ತೆಗೆದಳು. "ಉಸಿರು ಎಲ್ಲೆಲ್ಲಿ ಮುಚ್ಬೇಕು ಅಂತ ಅಕ್ಕನ್ನ ಕೇಳ್ದೆ. ನಂಗೆ ಗೊತ್ತಿಲ್ಲ, ನಮ್ಮಕ್ಕನ್ನೇ ಕೇಳು ಅಂದ್ರು. ಅಭ್ಯಾಸದಲ್ಲಿ ಇದನ್ನ ಪೂರ್ತಿ ದನೀಲಿ ಹಾಡೋದೇ ಇಲ್ಲ ಅವರು, ಬರೀ ಗುನುಗ್ತಾರೆ. ಹಾಗಾಗಿ ನಂಗೂ ಗೊತ್ತಾಗ್ಲಿಲ್ಲ."

ಹೌದು, ಎದೆ ಉಳಿಸಿಕೊಳ್ಳಲು ನಾವು ಹಾಗೇ ಮಾಡುವುದು. ಗುನುಗಿದರೆ ಉಸಿರು ಸಾಲುತ್ತದೆ. ದೊಡ್ಡ ಹಾಡಿಗೆ ಪೂರ್ತಿ ದನಿ ವೇದಿಕೆಯ ಮೇಲೆ ಮಾತ್ರ.

ಪೆನ್ಸಿಲು ತೆಗೆದುಕೊಂಡೆ. ಮೊದಲ ಚರಣದಲ್ಲಿ ಒಂದು ಗೀಟು, ಎರಡನೆಯದರ ಆರಂಭದಲ್ಲಿ ಒಂದು, ಎರಡೂ ಸರಿಯಾದ ಜಾಗದಲ್ಲೇ. ಮೂರನೇ ಗೀಟು ಮೂರನೇ ಚರಣದ ಉದ್ದದ ಸಾಲಿನದು. ಹಾಡಿನ ಜೀವವೇ ಆ ಸಾಲು. ಅದನ್ನು ಏಳನೇ ಎಣಿಕೆಯ ಮೇಲೆ ಹಾಕಬೇಕು. ನಾನು ಒಂಬತ್ತರ ಮೇಲೆ ಹಾಕಿದೆ. ನಾಲ್ಕನೆಯದನ್ನು ಮತ್ತೆ ಸರಿಯಾಗಿ ಹಾಕಿದೆ.

ಎರಡು ಎಣಿಕೆ ಎಂದರೆ ಎರಡು ಸಲ ರೆಪ್ಪೆ ಮಿಟುಕಿಸುವಷ್ಟು ಹೊತ್ತು. ಅಷ್ಟರೊಳಗೆ ತಂಗಿಯ ದನಿ ಒಡೆಯುತ್ತದೆ. ಕಮಾನು ಬರುವವರೆಗೆ ಅವಳು ಬಿಡುವುದಿಲ್ಲ, ಹಾಗೆಂದು ನಾನೇ ಕಲಿಸಿದ್ದು. ನನಗೆ ಬೇಕಿದ್ದುದೂ ಅದೇ. ಎಲ್ಲರೆದುರು ಒಂದು ಸಲ ಅವಳ ದನಿ ಒಡೆಯಬೇಕು, ಅವಳು ಎಡಕ್ಕೆ ತಿರುಗಿ ನೋಡಬೇಕು, ಅಲ್ಲಿ ನಾನಿರಬಾರದು. ಕೆಟ್ಟ ಬುದ್ಧಿ ಎಂದು ಆಗಲೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

"ಥ್ಯಾಂಕ್ಸ್ ಅಕ್ಕಾ" ಎಂದು ಹುಡುಗಿ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಉತ್ಸವದ ಬೆಳಗ್ಗೆ ಹನ್ನೊಂದರ ನನ್ನ ಚರ್ಚೆಗೆ ಐದು ಜನ ಬಂದಿದ್ದರು. ಒಬ್ಬಳು ಫೋನ್ ಚಾರ್ಜ್ ಮಾಡಲು ಬಂದವಳು, ಒಬ್ಬಳು ಮಗುವಿಗೆ ಹಾಲು ಕುಡಿಸಲು. ಹಿನ್ನೆಲೆಯ ಹೆಣ್ಣಿಗೆ ಮೈಕು ಕೂಡ ಕೈಕೊಟ್ಟಿತು. ಮಧ್ಯಾಹ್ನದ ಸಂಗೀತಕ್ಕೆ ನೋಡಿದರೆ ಸಭಾಂಗಣ ಕಿಕ್ಕಿರಿದಿತ್ತು. ಮೊದಲು ನಿವೃತ್ತ ಟೈಪಿಸ್ಟ್ ಒಬ್ಬಳು ಅಕಾರ್ಡಿಯನ್ ನುಡಿಸಿದಳು, ಜೊತೆಗೆ ಹದಿನಾರರ ಮೊಮ್ಮಗಳು. ಆಮೇಲೆ ಬಸ್ ಕಂಡಕ್ಟರ್ ಹೆಂಗಸು, ಕೆನ್ನೆ ಉಬ್ಬಿಸಿ ತುತ್ತೂರಿ ಊದಿ ಇಡೀ ಸಭೆಯನ್ನು ಎಬ್ಬಿಸಿ ನಿಲ್ಲಿಸಿದಳು. ಎಂಟು ಜನ ಹೆಂಗಸರ ಡ್ರಮ್ ತಂಡ ಬಂದಾಗ ನನ್ನ ಕುರ್ಚಿಯ ಕಾಲೂ ತಾಳ ಹಾಕಿತು. ಒಬ್ಬೊಬ್ಬರನ್ನು ನೋಡಿದಾಗಲೂ ನನಗೆ ಹೊಟ್ಟೆಯುರಿ. ಟೈಪಿಸ್ಟಳ ಮೇಲೆ ಉರಿ, ಮೊಮ್ಮಗಳ ಮೇಲೆ ಉರಿ, ತುತ್ತೂರಿಯ ಮೇಲೂ ಉರಿ. ಪಕ್ಕದಲ್ಲಿ ಕೂತ ಹೆಂಗಸು ಕಣ್ಣೊರೆಸಿಕೊಂಡು, "ಎಷ್ಟು ಖುಷಿಯಾಗುತ್ತೆ ಅಲ್ವಾ?" ಎಂದಳು. "ತುಂಬಾ" ಎಂದೆ.

ಕೊನೆಗೆ ತಂಗಿ ಬಂದಳು. ಚಪ್ಪಾಳೆ ಬಿತ್ತು. ಹಿಂದೆಯೇ ಹುಡುಗಿ ಬಂದಳು, ಈ ಸಲ ಒಣಗಿದ ಕೂದಲಿನಲ್ಲಿ. ಅವಳು ನನ್ನ ಜಾಗದಲ್ಲಿ ನಿಲ್ಲಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ತಂಗಿಯ ಎದುರಿಗೆ, ಜನರಿಗೆ ಅಡ್ಡ ತಿರುಗಿ ಕೂತಳು. ಜನರ ಕಡೆ ಮುಖವಿಲ್ಲ, ತಂಗಿಯ ಕಡೆಗೇ ಮುಖ. ವೇದಿಕೆ ಹತ್ತಿ ಅಭ್ಯಾಸವಿಲ್ಲದವಳು, ಪಾಪ, ಎಲ್ಲಿ ಕೂರಬೇಕೆಂದೂ ಗೊತ್ತಿಲ್ಲ ಎಂದು ಒಳಗೊಳಗೇ ನಕ್ಕೆ. ನಾನಾದರೆ ಕಣ್ಣನ್ನು ನನ್ನ ತಂತಿಗಳ ಮೇಲಿಟ್ಟು ನುಡಿಸುತ್ತಿದ್ದವಳು. ತಂಗಿಯ ಮುಖ ನೋಡುವ ಅಗತ್ಯವೇ ನನಗೆ ಬಿದ್ದಿರಲಿಲ್ಲ, ಅದು ನನ್ನ ಹೆಮ್ಮೆಯಾಗಿತ್ತು.

ನಾಲ್ಕು ಸಣ್ಣ ಹಾಡುಗಳಾದ ಮೇಲೆ ದೊಡ್ಡ ಹಾಡು ಶುರುವಾಯಿತು.

ಮೊದಲ ಗೀಟು ಬಂತು, ಹುಡುಗಿ ಮುಚ್ಚಿದಳು. ಸ್ವಲ್ಪ ಒರಟು, ಆದರೆ ಮುಚ್ಚಿದಳು. ಎರಡನೆಯದನ್ನೂ ಮುಚ್ಚಿದಳು. ಎರಡನೇ ಚರಣದ ಕೊನೆ ಬರುತ್ತಿತ್ತು. ಆ ಜಾಗದಲ್ಲಿ ತಂಗಿ ಯಾವಾಗಲೂ ಕಣ್ಣು ಮುಚ್ಚಿ, ಹಣೆ ಬಿಗಿದು, ಸ್ವರವನ್ನು ಎಳೆಯಷ್ಟು ಸಣ್ಣ ಮಾಡುತ್ತಾಳೆ. ಆ ಮುಖವನ್ನು ನಾನು ಕಂಡದ್ದು ಪತ್ರಿಕೆಗಳ ಫೋಟೋಗಳಲ್ಲಿ ಮಾತ್ರ. 'ಭಾವದಲ್ಲಿ ಕರಗಿದ ಗಾಯಕಿ' ಎಂದು ಕೆಳಗೆ ಬರೆದಿರುತ್ತಾರೆ. ನಾಟಕ ಎಂದುಕೊಳ್ಳುತ್ತಿದ್ದೆ. ಇವತ್ತು ಅಲ್ಲಿ, ಗೀಟೇ ಇಲ್ಲದ ಕಡೆ, ಹುಡುಗಿಯ ಕಮಾನು ಒಳಗೆ ಬಂತು.

ತಪ್ಪಿದಳು ಎಂದುಕೊಂಡೆ. ಆದರೆ ತಂಗಿ ಕಣ್ಣು ಮುಚ್ಚಲಿಲ್ಲ, ಹಣೆ ಬಿಗಿಯಲಿಲ್ಲ. ಅವಳು ದನಿ ಬಿಟ್ಟು, ಮತ್ತೆ ಬಂದು ಸೇರಿದಳು. ಬಂದಾಗ ದನಿ ಎಷ್ಟು ತುಂಬಿತ್ತೆಂದರೆ ನನ್ನ ಪಕ್ಕದ ಹೆಂಗಸು ಕುರ್ಚಿಯ ತುದಿಗೆ ಸರಿದಳು.

ಮೂರನೇ ಚರಣ. ಉದ್ದದ ಸಾಲು. ನಾನು ತೊಡೆಯ ಮೇಲೆ ಬೆರಳಿಂದ ಎಣಿಸತೊಡಗಿದೆ. ಮೂರು, ನಾಲ್ಕು, ಐದು. ನಾನೇ ತೋಡಿದ ಗುಂಡಿ, ನಾನೇ ಕಣ್ಣಿಟ್ಟು ಕಾಯುತ್ತಿದ್ದೇನೆ. ಆರನೇ ಎಣಿಕೆಗೆ ನನ್ನ ಕೈ ತಾನಾಗಿಯೇ ಕಮಾನು ಹಿಡಿದ ಹಾಗೆ ಮಡಚಿಕೊಂಡಿತು. ಬೇಡ, ಒಡೆಯುವುದು ಬೇಡ ಎಂದು ಆ ಕ್ಷಣದಲ್ಲಿ ನಿಜವಾಗಿ ಅನ್ನಿಸಿತು. ಒಡೆಯಲಿ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಅನ್ನಿಸಿದವು, ಸುಳ್ಳು ಹೇಳುವುದಿಲ್ಲ.

ಏಳಕ್ಕೆ ಹುಡುಗಿಯ ಕಮಾನು ಬಂತು.

ಒಂಬತ್ತಕ್ಕಲ್ಲ, ಏಳಕ್ಕೆ. ಅವಳು ಹಾಳೆಯ ಕಡೆ ನೋಡುತ್ತಿರಲೇ ಇಲ್ಲ. ಅವಳ ಕಣ್ಣು ತಂಗಿಯ ಕುತ್ತಿಗೆಯ ಮೇಲಿತ್ತು.

ಹಾಡು ಮುಗಿದಾಗ ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ, ಕೂತಿದ್ದರೆ ಎದ್ದು ಕಾಣುತ್ತಿದ್ದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಮೂರು ಕನ್ನಡಕದವಳು ವೇದಿಕೆಗೆ ಓಡಿ ಇಬ್ಬರನ್ನೂ ತಬ್ಬಿಕೊಂಡಳು, ಒಂದು ಕನ್ನಡಕ ಕೆಳಗೆ ಬಿತ್ತು. ತಂಗಿ ಹುಡುಗಿಯ ಕೈ ಹಿಡಿದು ಮೇಲೆತ್ತಿದಳು. ನನ್ನ ಕೈಯನ್ನು ಅವಳು ಹಾಗೆ ಎತ್ತಿದ್ದು ನೆನಪಿಲ್ಲ. ನಾನು ಯಾವಾಗಲೂ ಪಿಟೀಲನ್ನು ಪೆಟ್ಟಿಗೆಗೆ ಹಾಕುವ ಗಡಿಬಿಡಿಯಲ್ಲಿರುತ್ತಿದ್ದೆ.

ವೇದಿಕೆಯ ಹಿಂದಿನ ಕೋಣೆಗೆ ಹೋದೆ. ಮಡಚುವ ಮೇಜು, ಅರ್ಧ ಕುಡಿದ ಟೀ ಲೋಟಗಳು, ಗೋಡೆಗೆ ಒರಗಿಸಿದ ಡ್ರಮ್ಮುಗಳು. ಹುಡುಗಿ ನನ್ನನ್ನು ಕಂಡವಳೇ ಓಡಿ ಬಂದಳು.

"ಅಕ್ಕಾ, ಬಚಾವಾದೆ! ಮೂರನೇ ಗೀಟು ನಾನೇ ಏನೋ ತಪ್ಪು ನೋಡ್ಕೊಂಡಿದ್ದೆ ಅನ್ಸುತ್ತೆ. ಒಂಬತ್ತರವರೆಗೆ ಕಾದಿದ್ರೆ ಕೆಲಸ ಕೆಡ್ತಿತ್ತು. ಕೊಳದಲ್ಲಿ ಮಕ್ಕಳಿಗೆ ಗಾಳಿ ಸಾಲ್ದೇ ಇದ್ರೆ ಕುತ್ತಿಗೆ ಹೀಗೆ ಒಳಗೆ ಎಳ್ಕೊಳ್ಳುತ್ತೆ, ಅಕ್ಕಂದೂ ಹಾಗೇ ಆಯ್ತು, ತಡೀಲಿಲ್ಲ, ನುಗ್ಗಿಬಿಟ್ಟೆ." ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಆಗಲೇ ಪೆನ್ಸಿಲಿನಲ್ಲಿ ಮೂರನೇ ಗೀಟನ್ನು ಏಳಕ್ಕೆ ಸರಿಸಿದ್ದಳು. ಎರಡನೇ ಚರಣದ ಕೊನೆಯಲ್ಲಿ ಹೊಸದೊಂದು ಗೀಟು ಹಾಕಿದ್ದಳು. "ಇಲ್ಲೂ ಒಂದು ಬೇಕು ಅನ್ಸ್ತು. ನೀವು ಒಂದ್ಸಲ ನೋಡಿ, ಸರಿಯಿದ್ಯಾ ಹೇಳಿ."

ಅಷ್ಟರಲ್ಲಿ ಫೋಟೋಗೆಂದು ಅವಳನ್ನು ಹೊರಗಿನಿಂದ ಯಾರೋ ಕೂಗಿದರು. ಅವಳು ಹೋದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

ತಂಗಿ ನೀರು ಕುಡಿದು ಬಾಟಲಿಯ ಮುಚ್ಚಳ ತಿರುಗಿಸಿದಳು. "ಅವಳು ತಪ್ಪು ನೋಡ್ಕೊಂಡಿರ್ಲಿಲ್ಲ ಅಲ್ವಾ ಅಕ್ಕ?"

"ಇಲ್ಲ" ಎಂದೆ. "ನಾನೇ ಹಾಕಿದ್ದು."

"ಬೇಕೂಂತ?"

"ಬೇಕೂಂತಲೇ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲಬಹುದಿತ್ತು, ಜಗಳದಲ್ಲಿ ಅವಳು ನನ್ನೆದುರು ಎಂದೂ ನಿಂತವಳಲ್ಲ. ಬಾಟಲಿಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದಳು. ಆ ನೋಟ ತಡೆಯಲಾರದೆ ನಾನು ಹಾಳೆಯ ಮೇಲೆ ಬೆರಳು ಕುಟ್ಟಿದೆ.

"ಸರಿ, ಮೂರನೇದು ನನ್ನ ತಪ್ಪು. ಆದ್ರೆ ಇದೇನಿದು? ಇಲ್ಲೊಂದು ಹೊಸ ಗೀಟು! ಇಲ್ಲಿ ನಿಂಗೆ ಉಸಿರು ಬೇಕಾಗೇ ಇಲ್ಲ. ಇಪ್ಪತ್ತೆರಡು ವರ್ಷ ಇಲ್ಲಿ ಒಂದ್ಸಲಾನೂ ತೊಂದ್ರೆ ಆಗಿಲ್ಲ. ಮೂರು ತಿಂಗಳು ನೀರಲ್ಲಿ ಆಡ್ಸಿದವಳಿಗೆ ನನಗಿಂತ ಹೆಚ್ಚು ಗೊತ್ತಾ?"

"ಪ್ರತಿ ಸಲಾನೂ ತೊಂದ್ರೆ ಆಗ್ತಿತ್ತು ಅಕ್ಕ."

"ಏನು?"

"ಅಲ್ಲಿ ಕಣ್ಣು ಕತ್ತಲೆ ಬರೋದು. ಎಷ್ಟೋ ಸಲ ಬಿದ್ದೇ ಹೋಗ್ತೀನೇನೋ ಅನ್ಸೋದು. ಕಣ್ಣು ಮುಚ್ಕೊಂಡು ಹೇಗೋ ದಾಟ್ತಿದ್ದೆ."

ಭಾವ ಎಂದು ಪತ್ರಿಕೆಯವರು ಬರೆದದ್ದು, ನಾಟಕ ಎಂದು ನಾನು ಅಂದುಕೊಂಡದ್ದು ಅದನ್ನೇ. ನನ್ನಿಂದ ಅರ್ಧ ಹೆಜ್ಜೆ ದೂರದಲ್ಲಿ.

"ಒಂದು ಮಾತು ಹೇಳ್ಬಾರ್ದಿತ್ತಾ? ಇಪ್ಪತ್ತೆರಡು ವರ್ಷ! ಬಾಯಿಗೇನು ಬೀಗ ಹಾಕಿತ್ತಾ?"

ತಂಗಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತೇನೋ. "ನೀನು ಅಲ್ಲಿ ಗೀಟು ಹಾಕಿರ್ಲಿಲ್ಲ. ಹಾಗಾಗಿ ಅಲ್ಲಿ ನಂಗೆ ಉಸಿರು ಬೇಕಿಲ್ಲ ಅಂದ್ಕೊಂಡಿದ್ದೆ."

ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ಒಂಬತ್ತು ವರ್ಷದವಳಾಗಿದ್ದಾಗ, ನಾನು ಔಷಧಿ ಕುಡಿಸುವಾಗ ನನ್ನ ಮಾತು ಕೇಳುತ್ತಿದ್ದ ಅದೇ ಮುಖದಲ್ಲಿ ಹೇಳಿದಳು. ಎರಡು ಎಣಿಕೆಯ ಮೋಸಕ್ಕೆ ನಾನು ಎರಡು ದಿನ ನಿದ್ದೆಗೆಟ್ಟಿದ್ದೆ. ಇಪ್ಪತ್ತೆರಡು ವರ್ಷ ಹಾಕದೇ ಬಿಟ್ಟ ಗೀಟಿಗೆ ಏನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಬಾಗಿಲು ತೆರೆದು ಹುಡುಗಿ ಒಳಗೆ ಬಂದಳು. ಮುಖದ ತುಂಬ ಫೋಟೋದ ನಗು ಇನ್ನೂ ಇತ್ತು. "ನೋಡಿದ್ರಾ ಅಕ್ಕಾ? ಏನಾದ್ರೂ ತಪ್ಪಿದ್ರೆ ಈಗ್ಲೇ ತಿದ್ಕೊಳ್ತೀನಿ."

ತಂಗಿ ನನ್ನ ಕಡೆ ನೋಡಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕುತ್ತಿದ್ದಳು. ನಾನು ಏನು ಹೇಳಿದರೂ ಅವಳು ಅದನ್ನೇ ಒಪ್ಪಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಆ ಹೊಸ ಗೀಟು ಬೇಡ ಎಂದರೆ, ಮುಂದೆಯೂ ಅಲ್ಲಿ ಕಣ್ಣು ಮುಚ್ಚಿಕೊಂಡೇ ದಾಟುತ್ತಾಳೆ.

"ಮೂರನೇದನ್ನ ನೀನು ತಪ್ಪು ನೋಡ್ಕೊಂಡಿರ್ಲಿಲ್ಲ" ಎಂದೆ. "ನಾನು ಬೇಕೂಂತಲೇ ತಪ್ಪು ಹಾಕಿಕೊಟ್ಟೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."

ಹುಡುಗಿಯ ನಗು ಅರ್ಧಕ್ಕೇ ನಿಂತಿತು. ಅವಳು ತಂಗಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹೊಸದು ಸರಿಯಿದೆ" ಎಂದೆ. "ಅದು ಅಲ್ಲಿ ಮೊದಲೇ ಇರ್ಬೇಕಿತ್ತು."

ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.